ದೀಪ ಕಂಡಿತೇ?

ಕಳೆದ ವಾರ ಎಕ್ಸ್-ರೇ ಯಂತ್ರವೊಂದರ ದುರಸ್ತಿಗೆಂದು ಕೆನಡಾದ ವಿನ್ನಿಪೆಗ್ ನಗರದಿಂದ ಹಡ್ಸನ್ ಕೊಲ್ಲಿಯ ದಡದ ಪುಟ್ಟ ಊರು ಚರ್ಚಿಲ್‌ಗೆ ಹೊರಟ ವಿಮಾನದಲ್ಲಿ, ಪಕ್ಕದ ಆಸನದಲ್ಲಿದ್ದ ಕ್ರೀ ಎಂಬ ಮೂಲನಿವಾಸಿ ಜನಾಂಗದ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ: “ದೀಪ ಕಂಡಿತೇ?” ಕಣ್ಣಿನ ಪೊರೆ ತೆಗೆಸಿಕೊಂಡು ಊರಿಗೆ ಮರಳುತ್ತಿದ್ದ ಅವರ ಬಲಗಣ್ಣಿಗೆ ಪ್ಲಾಸ್ಟಿಕ್ ಕವಚ ಅಂಟಿಸಿದ್ದರು, ಕಿಟಕಿ ನನ್ನ ಕಡೆಗಿತ್ತು. ಮೊಮ್ಮಕ್ಕಳಿಗೆಂದು ಕೊಂಡ ಡೋನಟ್ ಪೆಟ್ಟಿಗೆಯ ನಾಲ್ಕೂ ಮೂಲೆಗೆ ಟೇಪು ಸುತ್ತಿ ಕಾಲ ಬಳಿ ಇಟ್ಟುಕೊಂಡಿದ್ದರು.

ಅಕ್ಟೋಬರ್ ಕೊನೆಯ ಹೊತ್ತಿಗೆ ಹಡ್ಸನ್ ಕೊಲ್ಲಿ ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ತೆರೆದ ನೀರಿನ ಮೇಲೆ ಶೀತಗಾಳಿ ಹಾಯ್ದು, ಅದರ ತೇವವೆಲ್ಲ ಮೋಡವಾಗಿ, ಹಿಮವಾಗಿ ದಡಕ್ಕೆ ಬಂದು ಕವಿಯುತ್ತದೆ. ನಿಗದಿಯಾದ ಎತ್ತರಕ್ಕೆ ಇಳಿಯುವಷ್ಟರಲ್ಲಿ ರನ್‌ವೇಯಾಗಲಿ ಅದರ ದೀಪಗಳಾಗಲಿ ಪೈಲಟ್‌ಗೆ ಕಾಣಲೇಬೇಕು. ಕಾಣದಿದ್ದರೆ ಎಷ್ಟು ಹತ್ತಿರ ಬಂದಿದ್ದರೂ ಮತ್ತೆ ಮೇಲೇರಬೇಕು. ನಮ್ಮ ವಿಮಾನವೂ ಹಾಗೆಯೇ ಏರಿತು. ಎಂಜಿನ್ನಿನ ಸದ್ದು ಬದಲಾದೊಡನೆ ಅಜ್ಜಿ ನನ್ನ ಮುಂಗೈ ಮೇಲೆ ಎರಡು ಬೆರಳಿಟ್ಟು ಕೇಳಿದರು. ಬರೀ ಬಿಳುಪು ಎಂದೆ. “ಹಾಗಾದರೆ ಇನ್ನೊಮ್ಮೆ ನೋಡುತ್ತಾರೆ,” ಎಂದರು.

ಹಿಂದಿನ ಸಾಲಿನ ದಂಪತಿ ಮಾತ್ರ ಹಿಮಕರಡಿ ನೋಡಲು ತೆತ್ತ ಹಣದ ವಿಚಾರವನ್ನು ಗಟ್ಟಿಯಾಗಿಯೇ ಆಡುತ್ತಿದ್ದರು. ಪ್ರವಾಸಿಗರ ದುಡ್ಡಿಲ್ಲದೆ ಆ ಊರು ನಡೆಯದು, ನಿಜ; ಆದರೂ ಪೈಲಟ್ ತೋರುವ ಎಚ್ಚರವನ್ನು ತಮಗಾದ ಅನ್ಯಾಯವೆಂಬಂತೆ ಮಾತನಾಡುವವರನ್ನು ಕಂಡರೆ ನನಗೆ ಸಹನೆ ಉಳಿಯುವುದಿಲ್ಲ. ಇಳಿಯಲಾಗದೆ ವಿಮಾನ ಹಿಂದಿರುಗಿದ್ದರೆ ಅವರ ಪಾಲಿಗೆ ಕೆಡುತ್ತಿದ್ದುದು ಒಂದು ವಿಹಾರ ಮಾತ್ರ. ಅಜ್ಜಿ ಮತ್ತೆ ಯಾವುದೋ ಹೋಟೆಲಿನ ಕೋಣೆಯಲ್ಲಿ ಒಬ್ಬರೇ ಕುಳಿತು ಕಣ್ಣಿಗೆ ಹನಿ ಹಾಕಿಕೊಳ್ಳಬೇಕಾಗುತ್ತಿತ್ತು.

ನಾನು ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯವಳು. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ನಮಗೆ ಲಾಂಚೇ ಗತಿ. ರಾತ್ರಿ ಹೊತ್ತು ಹೆರಿಗೆ ನೋವು ಕಾಣಿಸಿಕೊಂಡರೆ ಮನೆಯವರ ಮುಖ ಹೇಗಾಗುತ್ತಿತ್ತು ಎಂಬುದನ್ನು ನೋಡಿಯೇ ಬೆಳೆದವಳು. ಅದಕ್ಕೇ ಇರಬೇಕು, “900 ಜನರೂ ಇಲ್ಲದ ಊರಿಗೆ ಅಷ್ಟು ದೊಡ್ಡ ರನ್‌ವೇ ಏಕೆ?” ಎಂದು ಕಚೇರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದು ಆ ಹೊತ್ತಿನಲ್ಲಿ ನೆನಪಾಗಿ ಚುಚ್ಚಿತು. 9,000 ಅಡಿಗೂ ಉದ್ದದ ಆ ರನ್‌ವೇ ಊರಿನವರು ಬೇಡಿ ಪಡೆದದ್ದಲ್ಲ. ಆ ವಿಮಾನ ನಿಲ್ದಾಣವನ್ನೇ 1942ರಲ್ಲಿ, ಯುದ್ಧದ ಅಗತ್ಯಕ್ಕೆಂದು ಅಮೆರಿಕದ ಸೇನೆ ಕಟ್ಟಿದ್ದು. ಚರ್ಚಿಲ್‌ಗೆ ರಸ್ತೆಯಿಲ್ಲ. ಇರುವ ಒಂದೇ ರೈಲುಹಳಿಯನ್ನು 2017ರ ವಸಂತದ ಪ್ರವಾಹ ಹಲವು ಕಡೆ ಕೊಚ್ಚಿ ಹಾಕಿದಾಗ, ದುರಸ್ತಿಯ ವೆಚ್ಚ ಭರಿಸಲಾಗದೆಂದು ಅದರ ಆಗಿನ ಖಾಸಗಿ ಒಡೆಯರು ಕೈಚೆಲ್ಲಿದರು. ಮತ್ತೆ ರೈಲು ಬರುವಾಗ 2018ರ ಕೊನೆ ಸಮೀಪಿಸಿತ್ತು. ಆವರೆಗೆ ಹಾಲು, ತರಕಾರಿಗಳು ವಿಮಾನದಲ್ಲೇ ಬರಬೇಕಾಯಿತು. ಬೆಲೆಯೂ ಅದಕ್ಕೆ ತಕ್ಕಂತೆ ಏರಿತು. ಜನಸಂಖ್ಯೆಯಿಂದ ಖರ್ಚನ್ನು ಭಾಗಿಸಿ ನೋಡುವ ಲೆಕ್ಕ ನಮ್ಮ ಲಾಂಚಿನ ವಿಷಯದಲ್ಲೂ ನಡೆದಿತ್ತು. ಆ ಲೆಕ್ಕ ಹಾಕುತ್ತಿದ್ದವರಾರೂ ದಡದಲ್ಲಿ ರೋಗಿಯೊಂದಿಗೆ ಕಾದವರಲ್ಲ.

ಎರಡನೆಯ ಸಲ ವಿಮಾನ ಇಳಿಯತೊಡಗಿದಾಗ ಅಜ್ಜಿ ಮತ್ತೆ ಕೇಳಿದರು: “ದೀಪ ಕಂಡಿತೇ?” ಹರಿದ ಮೋಡದ ಅಡಿಯಲ್ಲಿ ಮೊದಲು ಕುಳ್ಳ ಮರಗಳು, ಆಮೇಲೆ ಹಿಮದ ಮೇಲೆ ಸಾಲುದೀಪಗಳು ಕಂಡವು. “ಕಂಡಿತು ಅಜ್ಜಿ,” ಎಂದು ನನ್ನ ಬಾಯಿಂದ ಕನ್ನಡವೇ ಹೊರಟಿತು. ಅವರು ಅರ್ಥ ಕೇಳಲಿಲ್ಲ. ಬಗ್ಗಿ ಡೋನಟ್ ಪೆಟ್ಟಿಗೆಯನ್ನು ಸರಿಯಾಗಿ ನಿಲ್ಲಿಸಿದರು.

ಏಣಿಯಿಳಿದು ಬಯಲಲ್ಲೇ ನಿಲ್ದಾಣದ ಬಾಗಿಲವರೆಗೆ ನಡೆಯಬೇಕು. ಗಾಳಿ ಜೋರಾಗಿದ್ದುದರಿಂದ ಪೆಟ್ಟಿಗೆ ನಾನು ಹಿಡಿದುಕೊಂಡೆ, ತೋಳು ಅವರಿಗೆ ಕೊಟ್ಟೆ. ಈ ಚಳಿಗಾಲದಲ್ಲೇ ಅವರ ಎಡಗಣ್ಣಿನ ಪೊರೆಯನ್ನೂ ತೆಗೆಯಬೇಕಂತೆ. ಅದಕ್ಕೂ ವಿನ್ನಿಪೆಗ್‌ಗೇ ಹೋಗಿಬರಬೇಕು.