ಎದುರಿಗೇ ಕಾಣೋದು ಒಳಗೆ ಹೇಗಿರುತ್ತೆ?

ಮಂಗಳವಾರ ರಾತ್ರಿ ಅಪ್ಪ ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಅವರ ಲ್ಯಾಪ್‌ಟಾಪ್‌ಗೆ ವಿಂಡೋಸ್ ಮತ್ತೆ ಹಾಕಲು ಕೂತಿದ್ದೆ. ಫಾರ್ಮ್ಯಾಟ್ ಒತ್ತಿ ಆಗಿತ್ತು. "ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ" ಅನ್ನುವ ಎಚ್ಚರಿಕೆ ಬಂದಿತ್ತು. ಮೌಸ್ ಓಕೆ ಮೇಲಿತ್ತು. ಹಿಂದೆ ನಿಂತಿದ್ದ ಅಪ್ಪ ಸುಮ್ನೆ ಕೇಳಿದರು.

"ನನ್ನ ಹೆಸರಿನ ಪಟ್ಟಿಗೆ ಏನೂ ಆಗಲ್ಲ ತಾನೆ?"

"ಇಲ್ಲಪ್ಪಾ, ಅಳಿಸ್ತಿರೋದು ಸಿ ಡ್ರೈವ್ ಮಾತ್ರ. ನಿಮ್ಮದೆಲ್ಲ ಡಿಯಲ್ಲಿದೆ."

"ಡಿಯಲ್ಲಿ ಫೋಟೋ ಇರೋದು. ಪಟ್ಟಿ ಎದುರಿಗೇ ಇದೆಯಲ್ಲ."

"ಎದುರಿಗೆ ಅಂದ್ರೆ?"

"ಆನ್ ಮಾಡಿದ ತಕ್ಷಣ ಕಾಣುತ್ತಲ್ಲ, ಅಲ್ಲೇ."

ಡೆಸ್ಕ್‌ಟಾಪ್! ಮೌಸ್‌ನಿಂದ ಕೈ ತೆಗೆದೆ. "ಅಪ್ಪಾ, ಡೆಸ್ಕ್‌ಟಾಪ್ ಇರೋದು ಸಿ ಒಳಗೇ" ಅಂದೆ. ಅವರು ನಂಬಲಿಲ್ಲ. "ಎದುರಿಗೇ ಕಾಣೋದು ಒಳಗೆ ಹೇಗಿರುತ್ತೆ ಪುಟ್ಟಿ?"

ಆ ಪಟ್ಟಿ ಏನು ಅಂತ ಹೇಳಬೇಕು. ಮನೆಯಲ್ಲಿದ್ದ ಹಳೆಯ ಫೋಟೋಗಳನ್ನೆಲ್ಲ ಅಪ್ಪ ಎರಡು ವರ್ಷದಿಂದ ಸ್ಕ್ಯಾನ್ ಮಾಡುತ್ತಿದ್ದಾರೆ. ಒಂದೊಂದಕ್ಕೂ ನಂಬರ್. ಯಾವ ನಂಬರಿನಲ್ಲಿ ಎಡದಿಂದ ಬಲಕ್ಕೆ ಯಾರ್ಯಾರು, ಯಾರ ಮದುವೆ, ಮಗು ಎತ್ತಿಕೊಂಡಿರುವವರು ಯಾರು ಅಂತ ಒಂದು ವರ್ಡ್ ಫೈಲಿನಲ್ಲಿ ಬರೆಯುತ್ತಾರೆ. ಅದರಲ್ಲಿರುವ ಅರ್ಧಕ್ಕರ್ಧ ಜನ ನನಗೆ ಗೊತ್ತಿಲ್ಲ. ಗೊತ್ತಿದ್ದ ಅಜ್ಜಿ ಈಗಿಲ್ಲ. ಫೋಟೋ ಹೋದರೆ ಆಲ್ಬಮ್‌ನಿಂದ ತೆಗೆದು ಮತ್ತೆ ಸ್ಕ್ಯಾನ್ ಮಾಡಬಹುದು. ಹೆಸರು ಹೋದರೆ ಅಪ್ಪನ ನೆನಪು ಬಿಟ್ಟು ಬೇರೆಲ್ಲೂ ಇಲ್ಲ.

ಮೂರು ವರ್ಷದ ಹಿಂದೆ ಈ ಲ್ಯಾಪ್‌ಟಾಪ್‌ನ ಡಿಸ್ಕನ್ನು ಎರಡು ಭಾಗ (ಪಾರ್ಟಿಷನ್) ಮಾಡಿದ್ದು ನಾನೇ. ಬಂದಾಗ ಇಡೀ ಡಿಸ್ಕ್ ಒಂದೇ ಸಿ ಡ್ರೈವ್ ಆಗಿತ್ತು. 512 ಜಿಬಿ ಅಂತ ಬರೆದಿರುತ್ತಾರೆ, ವಿಂಡೋಸ್ ತೋರಿಸುವುದು ಸುಮಾರು 476. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ ವ್ಯತ್ಯಾಸ. ಅದರಲ್ಲಿ ಸಿಗೆ 80 ಜಿಬಿ ಬಿಟ್ಟು, ಉಳಿದದ್ದನ್ನು ಡಿ ಮಾಡಿದೆ. "ಸಿ ವಿಂಡೋಸ್‌ದು, ಡಿ ನಿಮ್ಮದು. ವಿಂಡೋಸ್ ಕೆಟ್ಟರೂ ನಿಮ್ಮದಕ್ಕೆ ಏನೂ ಆಗಲ್ಲ" ಅಂತ ಹೇಳಿ ಎದ್ದುಬಂದೆ. ಅಪ್ಪ ಆ ಮಾತನ್ನು ಪೂರ್ತಿ ನಂಬಿದ್ದರು. ಸ್ಕ್ಯಾನರ್ ಎಲ್ಲಿ ಉಳಿಸಲಿ ಅಂತ ಕೇಳಿದಾಗ ತಪ್ಪದೆ ಡಿ ಆರಿಸಿದ್ದಾರೆ. ಆದರೆ ಪಟ್ಟಿ ಶುರು ಮಾಡಿದ ದಿನ ಅವರನ್ನು ಯಾರೂ ಕೇಳಲಿಲ್ಲ. ಖಾಲಿ ಪರದೆಯ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಫೈಲ್ ತೆರೆದರು, ಅದು ಅಲ್ಲೇ ಕೂತಿತು.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ಇವೆಲ್ಲ ವಿಂಡೋಸ್ ಹಾಕಿದಾಗ ಸಿಯಲ್ಲಿರುವ ಯೂಸರ್ಸ್ ಫೋಲ್ಡರಿನ ಒಳಗೇ ಹುಟ್ಟುತ್ತವೆ. ಡಿಸ್ಕಿನಲ್ಲಿ ಗೋಡೆ ಕಟ್ಟಿದ್ದು ನಿಜ. ಆದರೆ ಅಪ್ಪ ದಿನಾ ಓಡಾಡುವ ಜಾಗಗಳೆಲ್ಲ ಗೋಡೆಯ ಆ ಕಡೆಗೇ ಉಳಿದುಬಿಟ್ಟಿದ್ದವು. ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ಸಿ ತುಂಬಿದ್ದೂ ಇದರಿಂದಲೇ. ನೆಂಟರು ಕಳಿಸಿದ ಮದುವೆ ವಿಡಿಯೋಗಳೆಲ್ಲ ಡೌನ್‌ಲೋಡ್ಸ್‌ನಲ್ಲಿ ಇದ್ದವು. ಈ ವಾರ ಒಂದು ದೊಡ್ಡ ಅಪ್‌ಡೇಟ್ ಜಾಗ ಸಾಲದೆ ಅರ್ಧದಲ್ಲಿ ನಿಂತಿತು. ಆಮೇಲೆ ವಿಂಡೋಸ್ ಏಳಲೇ ಇಲ್ಲ. ಪಕ್ಕದ ಡಿಯಲ್ಲಿ ಮುನ್ನೂರು ಜಿಬಿಗೂ ಜಾಸ್ತಿ ಖಾಲಿ ಬಿದ್ದಿತ್ತು!

ಎಚ್ಚರಿಕೆಯ ಡಬ್ಬಿ ಮುಚ್ಚಿದೆ. ಒಂದು ಪೆನ್ ಡ್ರೈವ್‌ಗೆ ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿ, ಅದರಿಂದ ಲ್ಯಾಪ್‌ಟಾಪ್ ಶುರು ಮಾಡಿದೆ, ಅಂದರೆ ಬೂಟ್ ಮಾಡಿದೆ. ಹಾಗೆ ಬೂಟ್ ಮಾಡಿದರೆ ಡಿಸ್ಕಿಗೆ ಏನೂ ಬರೆಯದೆ ಒಳಗಿರುವುದನ್ನು ನೋಡಬಹುದು. ಡಿಸ್ಕಿಗೆ ಎನ್‌ಕ್ರಿಪ್ಷನ್, ಅಂದರೆ ಗುಪ್ತಲಿಪಿಯ ಬೀಗ, ಇರಲಿಲ್ಲ, ಹಾಗಾಗಿ ಸುಲಭವಾಗಿ ತೆರೆಯಿತು. ಇದ್ದಿದ್ದರೆ ರಿಕವರಿ ಕೀ ಬೇಕಾಗುತ್ತಿತ್ತು. ಯೂಸರ್ಸ್, ಅಪ್ಪನ ಹೆಸರು, ಡೆಸ್ಕ್‌ಟಾಪ್. "ಹೆಸರುಗಳು" ಅನ್ನುವ ಫೈಲ್ ಅಲ್ಲಿತ್ತು. ಗಾತ್ರ ಒಂದು ಎಂಬಿ ಕೂಡ ಇಲ್ಲ. ತೆರೆದು ತೋರಿಸಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲಿನವರೆಗೂ ಓದಿ, "212. ಇಲ್ಲೇ ನಿಲ್ಲಿಸಿದ್ದೆ" ಅಂದರು. ಅವರಿಗೆ ಏನೂ ಅನ್ನಿಸಲಿಲ್ಲ, ಯಾಕೆಂದರೆ ಅವರ ಪ್ರಕಾರ ಅದು ಎಲ್ಲೂ ಹೋಗಿರಲಿಲ್ಲ. ನನಗೆ ಮಾತ್ರ ಕಾಲು ನಡುಗುತ್ತಿತ್ತು.

ನಡುಗಲು ಕಾರಣ ಇತ್ತು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲ್‌ಗಳ ವಿವರದ ಪಟ್ಟಿ ಮಾತ್ರ ಹೊಸದಾಗುತ್ತದೆ. ಒಳಗಿನ ಮಾಹಿತಿ, ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಉಳಿದಿರುತ್ತದೆ. ಫೋಟೋರೆಕ್‌ನಂಥ ತಂತ್ರಾಂಶದಿಂದ ಎಷ್ಟೋ ಸಲ ಹೊರಗೆ ತೆಗೆಯಬಹುದು. ಈ ಲ್ಯಾಪ್‌ಟಾಪ್‌ನಲ್ಲಿರುವುದು ಎಸ್‌ಎಸ್‌ಡಿ, ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಉಳಿಸುವ ಡಿಸ್ಕ್. ಅದರಲ್ಲಿ ಹಾಗಲ್ಲ. ಟ್ರಿಮ್ ಅಂತ ಒಂದು ಆದೇಶ ಹೋಗುತ್ತದೆ, "ಈ ಜಾಗ ಇನ್ನು ಬೇಡ" ಅಂತ. ಡಿಸ್ಕ್ ತಾನಾಗಿಯೇ ಅದನ್ನು ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಹುಡುಕಿದರೂ ಸಿಗುವ ಆಸೆ ತೀರಾ ಕಡಿಮೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ತಮ್ಮ, "ಈ ಕಾಲದಲ್ಲಿ ಪಾರ್ಟಿಷನ್ ಯಾರು ಮಾಡ್ತಾರೆ ಅಕ್ಕಾ? ಒಂದೇ ಡ್ರೈವ್ ಇದ್ದಿದ್ರೆ ಸಿ ತುಂಬ್ತಾನೇ ಇರ್ಲಿಲ್ಲ" ಅಂದ. ಅವನು ಯಾವಾಗಲೂ ಹೀಗೆ, ಅರ್ಧ ಸರಿಯಾದದ್ದನ್ನು ಪೂರ್ತಿ ಗಟ್ಟಿಯಾಗಿ ಹೇಳುತ್ತಾನೆ. ತಿರುಗುವ ಡಿಸ್ಕಿನಲ್ಲಿ ಹೊರಸುತ್ತು ವೇಗವಾಗಿ ಓದುತ್ತಿತ್ತು, ಆದ್ದರಿಂದ ವಿಂಡೋಸನ್ನು ಹೊರಸುತ್ತಿನಲ್ಲಿರುವ ಮೊದಲ ಭಾಗದಲ್ಲಿ ಇಡುವುದರಿಂದ ಲಾಭ ಇತ್ತು. ಎಸ್‌ಎಸ್‌ಡಿಯಲ್ಲಿ ಆ ಲಾಭ ಇಲ್ಲ, ಒಪ್ಪಿದೆ. ಆದರೆ ವಿಂಡೋಸ್ ಕೆಟ್ಟ ದಿನ ಡಿಯಲ್ಲಿದ್ದ ಸ್ಕ್ಯಾನ್‌ಗಳ ಬಗ್ಗೆ ನಾನು ಒಂದು ಕ್ಷಣವೂ ಹೆದರಲಿಲ್ಲವಲ್ಲ? ಲಿನಕ್ಸ್ ಬಳಸುವವರು ಎಷ್ಟೋ ವರ್ಷದಿಂದ ತಮ್ಮ ಫೈಲ್‌ಗಳೆಲ್ಲ ಇರುವ ಹೋಮ್ ಫೋಲ್ಡರಿಗೇ ಬೇರೆ ಪಾರ್ಟಿಷನ್ ಕೊಡುತ್ತಾರೆ. ಅಲ್ಲಿ ಡೆಸ್ಕ್‌ಟಾಪ್ ಕೂಡ ಹೋಮ್ ಒಳಗೇ ಇರುವುದರಿಂದ ಎದುರಿಗೆ ಕಾಣುವುದೂ ತಾನಾಗಿಯೇ ಸರಿಯಾದ ಕಡೆ ಇರುತ್ತದೆ. ವಿಂಡೋಸ್‌ನಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು. ನಾನು ಮಾಡಿರಲಿಲ್ಲ.

ಬುಧವಾರ ಮೊದಲು ಎಲ್ಲವನ್ನೂ, ಸಿ ಡಿ ಎರಡರಲ್ಲಿದ್ದದ್ದನ್ನೂ, ಹೊರಗಿನ ಒಂದು ಡಿಸ್ಕಿಗೆ ಕಾಪಿ ಮಾಡಿದೆ. ಸಿ ದೊಡ್ಡದಾಗಬೇಕಿತ್ತು. ಡಿಯನ್ನು ಕುಗ್ಗಿಸಿದರೆ ಆಗುವುದಿಲ್ಲ, ಏಕೆಂದರೆ ವಿಂಡೋಸ್‌ನಲ್ಲಿ ಕುಗ್ಗಿಸಿದಾಗ ಖಾಲಿ ಜಾಗ ಡಿಯ ಬಾಲದಲ್ಲಿ ಬರುತ್ತದೆ. ಸಿ ಬೆಳೆಯಲು ಅದರ ಬಲಪಕ್ಕಕ್ಕೇ ಜಾಗ ಬೇಕು. ಹಾಗಾಗಿ ಎರಡನ್ನೂ ಅಳಿಸಿ ಸಿಗೆ 150 ಜಿಬಿ ಕೊಟ್ಟೆ. ಅಳಿಸುವಾಗ ನೂರು ಸಲ ನೋಡಿದೆ. ಇನ್‌ಸ್ಟಾಲ್ ಮಾಡುವ ಪರದೆಯಲ್ಲಿ ಸಿ, ಡಿ ಅನ್ನುವ ಅಕ್ಷರಗಳೇ ಇರುವುದಿಲ್ಲ. ಪಾರ್ಟಿಷನ್ 1, 2, 3 ಅಂತ ನಂಬರು, ಪಕ್ಕದಲ್ಲಿ ಗಾತ್ರ. ಬೂಟ್ ಆಗಲು ಬೇಕಾದ 100 ಎಂಬಿಯದ್ದು ಒಂದು, 16 ಎಂಬಿಯ ಇನ್ನೊಂದು, ಇವೂ ಸಾಲಿನಲ್ಲಿ ನಿಂತಿರುತ್ತವೆ. ಗೊತ್ತಿಲ್ಲದವರು ಆ ಸಾಲನ್ನು ನೋಡಿ ತಮ್ಮದು ಯಾವುದು ಅಂತ ಹೇಗೆ ಹೇಳಬೇಕು?

ಕೊನೆಗೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಡೆಸ್ಕ್‌ಟಾಪ್ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಅಂತ ಇರುತ್ತದೆ. ಅಲ್ಲಿ ಮೂವ್ ಒತ್ತಿ ಡಿಯಲ್ಲಿ ಮಾಡಿಟ್ಟ ಫೋಲ್ಡರ್ ತೋರಿಸಿದರೆ ಆಯಿತು. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ಗೂ ಹಾಗೇ. ಒಂದೊಂದನ್ನೂ ಅಪ್ಪನ ಕೈಯಲ್ಲೇ ಮಾಡಿಸಿದೆ. ಡಿಗೆ "ಅಪ್ಪನ ಕೆಲಸ" ಅಂತ ಕನ್ನಡದಲ್ಲೇ ಹೆಸರು ಕೊಟ್ಟೆವು.

"ಎ, ಬಿ ಎಲ್ಲಿ?" ಅಂತ ಕೇಳಿದರು. ಅವೆರಡು ಹಿಂದೆ ಬಳಸುತ್ತಿದ್ದ ಫ್ಲಾಪಿ ಡಿಸ್ಕ್‌ಗಳಿಗೆ ಮೀಸಲಾಗಿದ್ದವು, ಹಾರ್ಡ್ ಡಿಸ್ಕ್ ಆಮೇಲೆ ಬಂತು, ಹಾಗಾಗಿ ಸಿ ಅಂದೆ. 1983ರ ಐಬಿಎಂ ಪಿಸಿ ಎಕ್ಸ್‌ಟಿಯ ಹಾರ್ಡ್ ಡಿಸ್ಕ್ 10 ಎಂಬಿ, ಅವರ ಸ್ಕ್ಯಾನ್‌ಗಳಲ್ಲಿ ಎರಡು ಮೂರು ಹಾಕಿದರೆ ತುಂಬಿತು ಅಂದಾಗ ಅವರಿಗೆ ಬಹಳ ಖುಷಿಯಾಯಿತು. ಆಮೇಲೆ ಸ್ವಲ್ಪ ಯೋಚಿಸಿ, "ಹಂಗಾದ್ರೆ ಡಿಸ್ಕೇ ಹೋದ್ರೆ?" ಅಂದರು. ಮೂರು ವರ್ಷದ ಹಿಂದೆ ನಾನೇ ಹೇಳಬೇಕಿದ್ದ ವಿಷಯ. ಸಿ, ಡಿ ಇರುವುದು ಒಂದೇ ಡಿಸ್ಕಿನಲ್ಲಿ, ಅದು ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ ಅಂತ ಹೇಳಿದೆ. ಕಾಪಿ ಮಾಡಿದ ಡಿಸ್ಕನ್ನು ಅವರ ಬೀರುವಿನಲ್ಲೇ ಇಟ್ಟಿದ್ದೇವೆ. ಪ್ರತಿ ಭಾನುವಾರ ತಾನೇ ಕಾಪಿ ಮಾಡುತ್ತೇನೆ ಅಂದಿದ್ದಾರೆ. ಅವರು ಹೇಳಿದರೆ ಮಾಡುತ್ತಾರೆ.

ನಿನ್ನೆ ಸಂಜೆ ಅಪ್ಪನ ಫೋನ್ ಬಂತು. ಏನೋ ಕೆಟ್ಟಿರಬೇಕು ಅಂದುಕೊಂಡು ಎತ್ತಿದೆ.

"213ರಲ್ಲಿ ಬಾಗಿಲ ಹತ್ರ ಒಬ್ಬಳು ಹುಡುಗಿ ನಿಂತಿದ್ದಾಳೆ ಕಣೇ, ಎರಡು ಜಡೆ. ಯಾರು ಅಂತ ನೆನಪಾಗ್ತಿಲ್ಲ. ನಿಮ್ಮ ಅತ್ತೆ ನಂಬರ್ ಕಳಿಸು, ಅವಳಿಗೇ ಗೊತ್ತಿರಬೇಕು."