ಖುತ್ಸ್ಪಾ: ಅಜ್ಜಿಗೆ ಬೈಗುಳ, ಮೊಮ್ಮಗನಿಗೆ ಬಿರುದು

ಇಸ್ರೇಲಿನ ಕ್ಲಿನಿಕ್ಕುಗಳಲ್ಲಿ ಒಂದು ಮಾತು ಕೇಳದೆ ಇರೋಕೆ ಆಗೋದಿಲ್ಲ: 'ರಕ್ ಶೆಎಲಾ'. ಬರೀ ಒಂದು ಪ್ರಶ್ನೆ ಅಂತ ಅರ್ಥ. ಹಾಗಂದವರು ಕಾದು ಕೂತವರನ್ನೆಲ್ಲ ದಾಟಿ ಸೀದಾ ಡಾಕ್ಟರ ಕೋಣೆಗೆ ನುಗ್ಗುತ್ತಾರೆ. ಆ ಒಂದು ಪ್ರಶ್ನೆ ಬೇಗ ಮುಗಿಯೋದೂ ಇಲ್ಲ. ಕೇರ್‌ಗಿವರ್ ಆಗಿ ನಾನು ನೋಡಿಕೊಳ್ಳುವ ಅಜ್ಜಿ ಆಗ ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿ, ಎಲ್ಲರಿಗೂ ಕೇಳುವ ಹಾಗೆ 'ಖುತ್ಸ್ಪೆ!' ಅನ್ನುತ್ತಾರೆ.

ಅವರು ರೊಮೇನಿಯಾದಲ್ಲಿ ಹುಟ್ಟಿದವರು. ಮನೆಮಾತು ಯಿಡ್ಡಿಷ್, ಅಂದರೆ ಪೂರ್ವ ಯುರೋಪಿನ ಯಹೂದಿಗಳ ಭಾಷೆ; 'ಖುತ್ಸ್ಪೆ' ಅದರದ್ದೇ ಉಚ್ಚಾರ. ಇಲ್ಲಿನ ಹೀಬ್ರೂವಿನಲ್ಲಿ ಅದೇ ಪದ 'ಖುತ್ಸ್ಪಾ', ಒತ್ತು ಕೊನೆಗೆ. ಮೊದಲ ಅಕ್ಷರ ನಮ್ಮ 'ಖ' ಅಲ್ಲ, ಗಂಟಲು ಕೆರೆದು ಹೊರಡಿಸಬೇಕು. ಸೊಕ್ಕು, ಧಿಮಾಕು ಎಲ್ಲ ಅದರಲ್ಲಿದೆ, ಆದರೆ ತೀರಾ ಹತ್ತಿರದ್ದು ನಮ್ಮ ಭಂಡಧೈರ್ಯ. ಇದಕ್ಕೆ ಯಹೂದಿಗಳು ಹೇಳುವ ಹಳೇ ಜೋಕೊಂದಿದೆ. ಅಪ್ಪ-ಅಮ್ಮನನ್ನು ಕೊಂದವನು ಕೋರ್ಟಿನಲ್ಲಿ ನಿಂತು, 'ಸ್ವಾಮಿ, ನಾನು ಅನಾಥ, ಕರುಣೆ ತೋರಿಸಿ' ಅಂದನಂತೆ.

ಪದ ತುಂಬಾ ಹಳೆಯದು. ಬೈಬಲಿನ ದಾನಿಯೇಲನ ಪುಸ್ತಕದಲ್ಲಿ, ಹೀಬ್ರೂವಿನ ಸೋದರಭಾಷೆಯಾದ ಅರಾಮಿಕ್‌ನಲ್ಲಿರುವ ಭಾಗದಲ್ಲಿ, ಅರಸನ ಕಠಿಣ ಆಜ್ಞೆಗೆ ಇದೇ ಧಾತುವಿನ ಪದ ಬಳಸಿದ್ದಾರೆ. ಸುಮಾರು 1,800 ವರ್ಷ ಹಿಂದಿನ ಮಿಷ್ನಾ ಎಂಬ ಯಹೂದಿ ಧರ್ಮನಿಯಮಗಳ ಗ್ರಂಥದಲ್ಲಿ, ಮೆಸ್ಸೀಯ (ಯಹೂದಿಗಳು ಕಾಯುವ ಉದ್ಧಾರಕ) ಬರುವ ಕಾಲ ಹತ್ತಿರವಾದಾಗ ಖುತ್ಸ್ಪಾ ಜಾಸ್ತಿಯಾಗುತ್ತದೆ ಅಂತಿದೆ. (ಅಜ್ಜಿಯ ಪ್ರಕಾರ ಆ ಕಾಲ ಬಂದಾಗಿದೆ.) ಆದರೆ ಆಮೇಲೆ ಮಿಷ್ನಾದ ಮೇಲೆ ನಡೆದ ಚರ್ಚೆಗಳ ಗ್ರಂಥವಾದ ತಾಲ್ಮೂದಿನಲ್ಲಿ ರಾವ್ ನಖ್ಮಾನ್ ಎಂಬ ಪಂಡಿತರು, ದೇವರ ಮುಂದೆ ತೋರಿಸಿದರೂ ಖುತ್ಸ್ಪಾ ಕೆಲಸ ಮಾಡುತ್ತದೆ ಅನ್ನುತ್ತಾರೆ. ಹೊಗಳಿಕೆಯೋ ದೂರೋ, ಹೇಳೋದು ಕಷ್ಟ. ಪೂರ್ವ ಯುರೋಪಿನ ಯಿಡ್ಡಿಷ್ ಮಾತಿನವರು ವಲಸೆ ಹೋದಾಗ ಪದವೂ ಅಮೆರಿಕ ಸೇರಿತು. ಅಲ್ಲಿನ ಇಂಗ್ಲಿಷಿನಲ್ಲಿ ಅದಕ್ಕೆ ಸ್ವಲ್ಪ ಮೆಚ್ಚುಗೆಯೂ ಅಂಟಿಕೊಂಡಿತು. 1998ರಲ್ಲಿ ನ್ಯಾಯಮೂರ್ತಿ ಸ್ಕಲಿಯಾ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲೇ ಅದನ್ನು ಬಳಸಿದರು. ಅವರು ಬಳಸಿದ್ದು ಮಾತ್ರ ಚುಚ್ಚೋಕೆ.

ಅಜ್ಜಿಯ ಮೊಮ್ಮಗ ಟೆಲ್ ಅವೀವಿನ ಸ್ಟಾರ್ಟ್‌ಅಪ್ ಒಂದರಲ್ಲಿದ್ದಾನೆ. ಅವನಿಗೆ ಖುತ್ಸ್ಪಾ ಅಂದರೆ ಹೆಮ್ಮೆ. ಬಾಸ್ ಹೇಳಿದ್ದು ತಪ್ಪು ಅನ್ನಿಸಿದರೆ ಮೀಟಿಂಗಿನಲ್ಲೇ ಹೇಳಬೇಕು, ಕರೆಯದಿದ್ದರೂ ಹೂಡಿಕೆದಾರನ ಬಾಗಿಲು ತಟ್ಟಬೇಕು, ಅದಿಲ್ಲದೆ ನಮ್ಮ ದೇಶ ಎಲ್ಲಿರುತ್ತಿತ್ತು ಅನ್ನುತ್ತಾನೆ. 'ಅದು ಧೈರ್ಯ ಕಣೋ, ಖುತ್ಸ್ಪೆ ಬೇರೆ' ಅಂತ ಅಜ್ಜಿ. ಪ್ರತಿ ಶುಕ್ರವಾರ ರಾತ್ರಿ ಊಟಕ್ಕೆ ಇದೇ ಜಗಳ.

ನನಗನ್ನಿಸೋದು, ಇದರಲ್ಲಿ ಭಾಷೆಯ ಕೈವಾಡವೂ ಇದೆ. ಹೀಬ್ರೂವಿನಲ್ಲಿ ನೀನು-ನೀವು ಭೇದ ಇಲ್ಲ. ಗಂಡಸಾದರೆ 'ಅತಾ', ಹೆಂಗಸಾದರೆ 'ಅತ್', ಅಷ್ಟೇ. ಮಕ್ಕಳು ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ. ನೆತನ್ಯಾಹು ಊರಿಗೆಲ್ಲ 'ಬೀಬಿ'. ದೊಡ್ಡವರ ಮುಂದೆ ತಗ್ಗಿ ಮಾತಾಡಿ ಅಭ್ಯಾಸವಾದ ನಮ್ಮ ಕಿವಿಗೆ ಮೊದಮೊದಲು ಇಲ್ಲಿನ ಮಾಮೂಲಿ ಮಾತೂ ಖುತ್ಸ್ಪಾ ಥರಾನೇ ಕೇಳುತ್ತದೆ. ಹಾಗಂತ ಮೊಮ್ಮಗನ ವಾದ ಪೂರ್ತಿ ಒಪ್ಪೋಕೂ ಆಗೋದಿಲ್ಲ. ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ಅರ್ಧ ತುಂಬಿದ ಗಾಡಿ ನಿಲ್ಲಿಸಿ, 'ನಾನು ನಿನ್ನ ಹಿಂದೆ' ಅಂತ ಹೇಳಿ, ಉಳಿದ ಸಾಮಾನು ತರೋಕೆ ಹೋಗುವವರನ್ನು ದಿನಾ ನೋಡುತ್ತೇನೆ. ಅದರಿಂದ ಯಾವ ಸ್ಟಾರ್ಟ್‌ಅಪ್ಪೂ ಹುಟ್ಟೋದಿಲ್ಲ, ಅಲ್ವಾ?