ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಉಳಿದಿದ್ದ ಸೋಬಾನೆ ಹಾಡುಗಳು

ನಮ್ಮ ಅಜ್ಜಿ ತಮ್ಮ ಕೈಯಾರೆ ಬರೆದಿಟ್ಟಿದ್ದ ಸೋಬಾನೆ ಹಾಡುಗಳ ಎರಡು ನೋಟ್‌ಬುಕ್ಕುಗಳನ್ನು ಹೋದ ವರ್ಷ ಬೇಸಿಗೆಯಲ್ಲಿ ಪುಟ ಬಿಡದೆ ಕ್ಯಾಮೆರಾದಲ್ಲಿ ತೆಗೆದುಕೊಂಡಿದ್ದೆ. ಒಟ್ಟು 212 ಚಿತ್ರಗಳಾಗಿದ್ದವು. ಆ ಮಳೆಗಾಲದಲ್ಲಿ ಅಟ್ಟ ಸೋರಿ, ನೋಟ್‌ಬುಕ್ಕುಗಳ ಶಾಯಿಯೆಲ್ಲ ಕದಡಿಹೋಯಿತು. ಚಿತ್ರಗಳಿವೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆನೇ ಹೊರತು, ಅವು ಇನ್ನೂ ಕಾರ್ಡಿನಲ್ಲಿಯೇ ಇವೆ, ಬೇರೆಲ್ಲಿಯೂ ಇಲ್ಲ ಎಂಬುದು ನೆನಪಿಗೆ ಬರಲಿಲ್ಲ. ಮನೆಯಲ್ಲಿ ನಾಮಕರಣ ನಡೆದ ದಿನ ಅಕ್ಕನ ಮಗಳು ಅದೇ ಕಾರ್ಡನ್ನು ತನ್ನ ಕ್ಯಾಮೆರಾಗೆ ಹಾಕಿ, ಖಾಲಿ ಕಾರ್ಡೆಂದು ತಿಳಿದು ಫಾರ್ಮ್ಯಾಟ್ ಮಾಡಿ, 12 ಫೋಟೊ ತೆಗೆದ ಮೇಲೆ ವಿಷಯ ಗೊತ್ತಾಯಿತು. ‘ಎಲ್ಲಾ ಹೋಯ್ತಾ ಮಾಮ?’ ಎಂದು ಅವಳು ಕೇಳಿದಾಗ ಅವಳ ಕಣ್ಣು ತುಂಬಿತ್ತು. ಎಲ್ಲವೂ ಹೋಗಿರಲಿಲ್ಲ. ಏಕೆ ಹೋಗಿರಲಿಲ್ಲ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಹೊತ್ತಿನಲ್ಲಿ ಮೊದಲ ಹತ್ತು ನಿಮಿಷ ನಾವು ಏನು ಮಾಡುತ್ತೇವೆ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿರುತ್ತದೆ.

ಕಾರ್ಡಿನಲ್ಲಿರುವ ಜಾಗವನ್ನು 512 ಬೈಟುಗಳ ಸೆಕ್ಟರುಗಳಾಗಿ ಎಣಿಸುತ್ತಾರೆ. ಹಲವು ಸೆಕ್ಟರುಗಳು ಸೇರಿ ಒಂದು ಕ್ಲಸ್ಟರು. ನನ್ನದು ಫ್ಯಾಟ್32 ವ್ಯವಸ್ಥೆಯ 32 ಜಿಬಿ ಕಾರ್ಡು, ಅದರಲ್ಲಿ ಒಂದು ಕ್ಲಸ್ಟರಿಗೆ 32 ಕೆಬಿ. ಹಾಗಾಗಿ 4 ಎಂಬಿ ಗಾತ್ರದ ಒಂದು ಚಿತ್ರಕ್ಕೆ 128 ಕ್ಲಸ್ಟರುಗಳು ಬೇಕು. ಇವುಗಳ ಲೆಕ್ಕವನ್ನು ಕಾರ್ಡು ಎರಡು ಕಡೆ ಇಟ್ಟುಕೊಂಡಿರುತ್ತದೆ. ಡೈರೆಕ್ಟರಿಯಲ್ಲಿ ಪ್ರತಿ ಫೈಲಿಗೂ 32 ಬೈಟುಗಳ ಒಂದು ನಮೂದು ಇರುತ್ತದೆ. ಫೈಲಿನ ಹೆಸರು, ತಾರೀಖು, ಗಾತ್ರ, ಮೊದಲ ಕ್ಲಸ್ಟರಿನ ಸಂಖ್ಯೆ ಇವೆಲ್ಲ ಅಲ್ಲಿ ಸಿಗುತ್ತವೆ. ಆ ಮೊದಲನೆಯದರ ನಂತರ ಯಾವ ಕ್ಲಸ್ಟರು, ಅದಾದ ಮೇಲೆ ಯಾವುದು ಎಂಬ ಸರಪಳಿ ಇರುವುದು ಫ್ಯಾಟ್ ಎಂಬ ಕೋಷ್ಟಕದಲ್ಲಿ. ಒಂದು ಫೈಲನ್ನು ಅಳಿಸಿದಾಗ ಅದರ ನಮೂದಿನ ಮೊದಲ ಬೈಟನ್ನು ಇ5 ಎಂದು ಬದಲಿಸಿ, ಕೋಷ್ಟಕದಲ್ಲಿ ಅದರ ಸರಪಳಿಯನ್ನು ಸೊನ್ನೆ ಮಾಡುತ್ತಾರೆ, ಅಷ್ಟೇ. ಕ್ಯಾಮೆರಾ ಮಾಡುವ ಸಾಮಾನ್ಯ ಫಾರ್ಮ್ಯಾಟು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಇಡೀ ಕೋಷ್ಟಕವನ್ನೂ ಮೂಲ ಡೈರೆಕ್ಟರಿಯನ್ನೂ ಹೊಸದಾಗಿ ಖಾಲಿ ಬರೆಯುತ್ತದೆ. ಪುಸ್ತಕದ ಪರಿವಿಡಿಯನ್ನು ಹರಿದುಹಾಕಿ, ಒಳಗಿನ ಪುಟಗಳನ್ನು ಹಾಗೆಯೇ ಬಿಟ್ಟಂತೆ. ಆ ಪುಟಗಳ ಮೇಲೆ ಇನ್ನೊಂದು ಬರಹ ಬೀಳುವ ತನಕ ಹಳೆಯದು ಅಲ್ಲಿಯೇ ಇರುತ್ತದೆ.

ಆದ್ದರಿಂದ ನಾನು ಮಾಡಿದ ಮೊದಲ ಕೆಲಸವೆಂದರೆ ಕಾರ್ಡನ್ನು ಹೊರತೆಗೆದು, ಅದರ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಲಾಕ್ ಕಡೆಗೆ ಸರಿಸಿದ್ದು. ಆಮೇಲೆ ಇಡೀ ಕಾರ್ಡಿನ ಯಥಾಪ್ರತಿಯೊಂದನ್ನು, ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ, ಕಂಪ್ಯೂಟರಿನ ಡಿಸ್ಕಿನಲ್ಲಿ ಮಾಡಿಕೊಂಡೆ. ಹುಡುಕಾಟವೇನಿದ್ದರೂ ಆ ಪ್ರತಿಯ ಮೇಲೆ. ಮೂಲವನ್ನು ಮತ್ತೆ ಮುಟ್ಟಲಿಲ್ಲ. ಹುಡುಕಲು ಬಳಸಿದ್ದು ಕ್ರಿಸ್ತೋಫ್ ಗ್ರೆನಿಯೆ ಅವರ ಫೋಟೊರೆಕ್ ಎಂಬ ಉಚಿತ ತಂತ್ರಾಂಶ. ಅದು ಕೋಷ್ಟಕದ ಗೊಡವೆಗೇ ಹೋಗುವುದಿಲ್ಲ. ಜೆಪೆಗ್ ಚಿತ್ರವೆಂದರೆ ಅದರ ಮೊದಲ ಮೂರು ಬೈಟುಗಳು ಎಫ್‌ಎಫ್, ಡಿ8, ಎಫ್‌ಎಫ್ ಎಂದೇ ಇರುತ್ತವೆ. ಸೆಕ್ಟರಿನಿಂದ ಸೆಕ್ಟರಿಗೆ ಹೋಗುತ್ತ ಆ ಗುರುತು ಕಂಡಲ್ಲೆಲ್ಲ ಒಂದು ಚಿತ್ರ ಶುರುವಾಯಿತೆಂದು ತಿಳಿದು ಮುಂದಿನ ಕ್ಲಸ್ಟರುಗಳನ್ನು ಅದಕ್ಕೆ ಸೇರಿಸಿಕೊಂಡು ಹೋಗುತ್ತದೆ. ಹೊಸ ಕಾರ್ಡಿನಲ್ಲಿ ಕ್ಯಾಮೆರಾ ಒಂದರ ಹಿಂದೊಂದು ಸಾಲಾಗಿ ಬರೆದಿದ್ದರಿಂದ ಈ ಉಪಾಯ ನನಗೆ ಫಲಿಸಿತು. ಅಳಿಸಿ ಬರೆದು, ಮತ್ತೆ ಅಳಿಸಿ ಬರೆದು ಚೂರುಚೂರಾದ ಕಾರ್ಡಾಗಿದ್ದರೆ ಅರ್ಧ ಚಿತ್ರ, ಅರ್ಧ ಬೂದು ಬಣ್ಣ ಸಿಗುತ್ತಿತ್ತು.

ಬೆಳಗಾಗುವ ಹೊತ್ತಿಗೆ ಅಜ್ಜಿಯ 199 ಪುಟಗಳು ಸಿಕ್ಕಿದ್ದವು. ಹೆಸರುಗಳು ಮಾತ್ರ ಹೋಗಿದ್ದವು. ಎಫ್ ಅಕ್ಷರದ ಮುಂದೆ ಸೆಕ್ಟರಿನ ಸಂಖ್ಯೆಯನ್ನು ಹೊತ್ತು ಬಂದಿದ್ದವು. ಆದರೆ ಚಿತ್ರ ತೆಗೆದ ಗಳಿಗೆಯನ್ನು ಕ್ಯಾಮೆರಾ ಪ್ರತಿ ಫೈಲಿನ ಒಳಗೇ ಬರೆದಿರುತ್ತದೆಯಾದ್ದರಿಂದ ಪುಟಗಳನ್ನು ಕ್ರಮವಾಗಿ ಜೋಡಿಸುವುದು ಕಷ್ಟವಾಗಲಿಲ್ಲ. ಉಳಿದ 13? ನಾಮಕರಣದ 12 ಫೋಟೊಗಳು ಕಾರ್ಡಿನ ಆರಂಭದಿಂದಲೇ ಕುಳಿತು, ಅಜ್ಜಿಯ ಮೊದಲ 12 ಪುಟಗಳನ್ನು ಪೂರ್ತಿ ನುಂಗಿ, ಹದಿಮೂರನೆಯದರ ತಲೆಭಾಗವನ್ನೂ ತಿಂದಿದ್ದವು. ಆ ಹದಿಮೂರನೆಯ ಪುಟದ ಹೆಚ್ಚಿನ ಭಾಗ ಇಂದಿಗೂ ಕಾರ್ಡಿನಲ್ಲಿದೆ. ಬೈಟುಗಳನ್ನು ಮತ್ತೆ ಚಿತ್ರವಾಗಿ ಬಿಚ್ಚಲು ಬೇಕಾದ, ಆ ಫೈಲಿನದೇ ಆದ ಕೋಷ್ಟಕಗಳು ತಲೆಭಾಗದಲ್ಲಿದ್ದುದರಿಂದ ಅದನ್ನು ನೋಡಲು ನನಗೆ ಸಾಧ್ಯವಾಗಿಲ್ಲ.

ಇದೇ ಅನಾಹುತ ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿ, ಅಂದರೆ ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವಿನಲ್ಲಿ, ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಅಲ್ಲಿ ಫೈಲನ್ನು ಅಳಿಸಿದ ಕೂಡಲೇ ಟ್ರಿಮ್ ಎಂಬ ಆದೇಶದ ಮೂಲಕ ಕಾರ್ಯಾಚರಣ ವ್ಯವಸ್ಥೆಯು ಈ ಜಾಗ ಇನ್ನು ಬೇಡ ಎಂದು ಡ್ರೈವಿಗೆ ತಿಳಿಸುತ್ತದೆ, ಡ್ರೈವು ತನಗೆ ಬಿಡುವಾದಾಗ ಅದನ್ನು ನಿಜವಾಗಿಯೂ ಒರೆಸಿಹಾಕುತ್ತದೆ. ಫೋನಿನ ಸಂಗತಿ ಇನ್ನೂ ಬೇರೆ. ಇಂದಿನ ಫೋನುಗಳಲ್ಲಿ ಎಲ್ಲವೂ ಗೂಢಲಿಪಿಯಲ್ಲಿಯೇ ಇರುವುದರಿಂದ, ಫ್ಯಾಕ್ಟರಿ ರಿಸೆಟ್ ಮಾಡಿದಾಗ ಕೀಲಿಯನ್ನು ನಾಶಮಾಡಿದರೆ ಸಾಕು, ಉಳಿದ ಬೈಟುಗಳು ಅಲ್ಲಿಯೇ ಇದ್ದರೂ ಅರ್ಥವಿಲ್ಲದ ರಾಶಿಯಾಗುತ್ತವೆ. ಕಳ್ಳನ ಕೈಗೆ ಸಿಕ್ಕ ಲ್ಯಾಪ್‌ಟಾಪಿನಲ್ಲಿ ಈ ರಕ್ಷಣೆ ನಮಗೆ ವರ. ಅದೇ ವಿಂಡೋಸಿನಲ್ಲಿ ಈ ರಕ್ಷಣೆ ಕೊಡುವ ಬಿಟ್‌ಲಾಕರಿನ 48 ಅಂಕಿಗಳ ರಿಕವರಿ ಕೀಲಿಯನ್ನು ನಾವೇ ಕಳೆದುಕೊಂಡ ದಿನ ಯಂತ್ರಕ್ಕೆ ನಾವೂ ಕಳ್ಳರೂ ಒಂದೇ. ಆ ಅಂಕಿಗಳನ್ನು ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆಯಲ್ಲಿ ಇಟ್ಟಿದ್ದೇನೆ, ಅದರ ಜಾಗ ಅಲ್ಲಿಯೇ ಎಂದು ನನ್ನ ಅಭಿಪ್ರಾಯ.

ಕರೆಂಟು ಹೋಗುವ ಊರಿನಲ್ಲಿರುವವರಿಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಫ್ಯಾಟ್32ರಂತೆಯೇ ಫೈಲುಗಳ ಲೆಕ್ಕವಿಡುವ ಬೇರೆ ವ್ಯವಸ್ಥೆಗಳಿವೆ. 1993ರಲ್ಲಿ ವಿಂಡೋಸಿಗೆ ಬಂದ ಎನ್‌ಟಿಎಫ್‌ಎಸ್ ಆಗಲಿ, 2001ರಲ್ಲಿ ಲಿನಕ್ಸಿಗೆ ಸೇರಿದ ಇಎಕ್ಸ್‌ಟಿ3 ಆಗಲಿ, ತಮ್ಮ ಕೋಷ್ಟಕಗಳನ್ನು ಬದಲಿಸುವ ಮುನ್ನ ಏನು ಬದಲಿಸಲಿದ್ದೇವೆ ಎಂಬುದನ್ನು ಒಂದು ಕಡೆ ಬರೆದುಕೊಳ್ಳುತ್ತವೆ. ಅಂಗಡಿಯವರು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವ ಪದ್ಧತಿಯೇ ಇದು. ನಡುವೆ ವಿದ್ಯುತ್ ಹೋದರೂ ಮತ್ತೆ ಎದ್ದಾಗ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಮಾಡಿಕೊಳ್ಳಬಹುದು. ಫ್ಯಾಟ್32ಕ್ಕೆ ಈ ಕಿರ್ದಿಯಿಲ್ಲ. ನಕಲಾಗುತ್ತಿರುವಾಗಲೇ ಪೆನ್‌ಡ್ರೈವನ್ನು ಕಿತ್ತರೆ ಅದು ಹಾಳಾಗುವುದಕ್ಕೆ ಇದೂ ಒಂದು ಕಾರಣ.

ಈಗ ಚಿತ್ರಗಳ ಮೂರು ಪ್ರತಿಗಳಿವೆ: ಒಂದು ನನ್ನ ಕಂಪ್ಯೂಟರಿನಲ್ಲಿ, ಒಂದು ಬೀರುವಿನಲ್ಲಿರುವ ಹಾರ್ಡ್‌ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನಲ್ಲಿರುವ ಅಕ್ಕನ ಮನೆಯಲ್ಲಿ. ಎರಡು ಡಿಸ್ಕುಗಳನ್ನು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ಬೀಳುವಂತೆ, ರೇಡ್ ಆಗಿ ಜೋಡಿಸಿದರೆ ಸಾಲದೇ ಎಂದು ಭಾವ ಕೇಳಿದರು. ಒಂದು ಡಿಸ್ಕು ಕೆಟ್ಟರೆ ಅದು ಕಾಪಾಡುತ್ತದೆ. ಆದರೆ ನಾವೇ ಕೈತಪ್ಪಿ ಅಳಿಸಿದರೆ ಆ ಕ್ಷಣವೇ ಎರಡರಲ್ಲಿಯೂ ಅಳಿದಿರುತ್ತದೆ. ನಮ್ಮ ಮನೆಯಲ್ಲಿ ನಡೆದದ್ದು ಎರಡನೆಯದು. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆಯನ್ನು, ಲೆಕ್ಕಹಾಕಿ ಇಟ್ಟಿದ್ದೇನೆ; ಒಂದೇ ಒಂದು ಬಿಟ್ ಬದಲಾದರೂ ಆ ಮೊತ್ತ ಪೂರ್ತಿ ಬೇರೆಯಾಗುವುದರಿಂದ, ವರ್ಷಕ್ಕೊಮ್ಮೆ ತಾಳೆ ನೋಡಿದರೆ ಯಾವ ಪ್ರತಿ ಕೆಟ್ಟಿದೆಯೆಂದು ಗೊತ್ತಾಗುತ್ತದೆ.

ಕಳೆದುಹೋದ 13 ಪುಟಗಳಿಗಾಗಿ ಹುಡುಕುವಾಗ, 2004ರಲ್ಲಿ ಅಣ್ಣ ಟೈಪ್ ಮಾಡಿದ್ದ ಒಂದು ಫೈಲು ಹಳೆಯ ಸಿಡಿಯಲ್ಲಿ ಸಿಕ್ಕಿತು. ಒಂದು ಬೈಟೂ ಕೆಟ್ಟಿರಲಿಲ್ಲ, ಆದರೂ ತೆರೆದರೆ ಕಂಡದ್ದು ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳು. ಪ್ರತಿ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ಕನ್ನಡ’ ಎಂಬ ಪದಕ್ಕೆ ಐದು ಸಂಕೇತಗಳಿದ್ದು, ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 15 ಬೈಟು ಹಿಡಿಯುತ್ತದೆ, ಯಾವ ಯಂತ್ರವಾದರೂ ಅದನ್ನು ಕನ್ನಡವೆಂದೇ ಓದುತ್ತದೆ. ಅಣ್ಣನ ಫೈಲಿನಲ್ಲಿದ್ದುದು ಅದಕ್ಕೂ ಮುಂಚಿನ ಪದ್ಧತಿ: ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟು. ಪರಿವರ್ತಕವೊಂದಕ್ಕೆ ಹಾಕಿ, ಒತ್ತಕ್ಷರಗಳನ್ನು ಕೈಯಿಂದ ತಿದ್ದಿದ ಮೇಲೆ ಮೂರು ಹಾಡುಗಳು ಓದಲು ಬಂದವು. ಇನ್ನೂ ಮೂರನ್ನು ದೊಡ್ಡಮ್ಮ ನೆನಪಿನಿಂದ ಹಾಡಿದರು, ಬರೆದುಕೊಂಡೆ.

ಒಟ್ಟು ಎಷ್ಟು ಹಾಡುಗಳಿದ್ದವೆಂದು ನನಗೆ ಖಚಿತವಾಗಿ ಗೊತ್ತಿರುವುದಕ್ಕೆ ಅಜ್ಜಿಯೇ ಕಾರಣ. ಅವರು ಪರಿವಿಡಿಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯುತ್ತಿದ್ದರು, ಮತ್ತು ಆ ಪುಟ ಸಿಕ್ಕಿದ 199ರಲ್ಲಿ ಇದೆ. ಮೊದಲ 13 ಪುಟಗಳಿಗೆ ಅಲ್ಲಿ ಎಂಟು ಹಾಡುಗಳ ಹೆಸರಿದೆ. ಹಸೆಗೆ ಕರೆಯುವ ಹಾಡೊಂದು, ಆರತಿ ಹಾಡೊಂದು, ಈ ಎರಡರ ಮುಂದೆ ಪುಟಸಂಖ್ಯೆ ಮಾತ್ರ ಇದೆ: 4 ಮತ್ತು 11.